ರಾತ್ರಿಯಿಡೀ ಹೊಟ್ಟೆ ಖಾಲಿ ಮಾಡಿಸಿ ವಾಪಸ್ ಕಳಿಸೋದು ‘ಸ್ವಲ್ಪ’ ಅನಾನುಕೂಲವೇ?

ಮಾನ್ಯ ಸಂಪಾದಕರೇ,

ದೊಡ್ಡ ಕರುಳಿನೊಳಗೆ ನಳಿಕೆ ಬಿಟ್ಟು ನೋಡುವ ಕೊಲೊನೊಸ್ಕೋಪಿ ಟೆಸ್ಟಿನ ಕ್ಯಾಮೆರಾ ಯಂತ್ರ ಕೆಟ್ಟು ನಮ್ಮೂರ ಆಸ್ಪತ್ರೆಯಿಂದ ರೋಗಿಗಳು ವಾಪಸ್ ಹೋದ ಸುದ್ದಿ ಶುಕ್ರವಾರದ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಯಾವ ಆಸ್ಪತ್ರೆ ಅಂತ ನಾನು ಮತ್ತೆ ಬರೆಯಬೇಕಿಲ್ಲ, ಊರಿಗೆಲ್ಲ ಗೊತ್ತು. ‘ರೋಗಿಗಳಿಗೆ ಸ್ವಲ್ಪ ಅನಾನುಕೂಲ ಆಗಿದೆ’ ಎಂದು ಅಲ್ಲಿಯ ಸಾಹೇಬರು ಹೇಳಿದ್ದಾರೆ. ಆ ‘ಸ್ವಲ್ಪ’ ಅನ್ನೋ ಮಾತು ಓದಿದಾಗಿನಿಂದ ನನಗೆ ಸಿಟ್ಟು ಇಳಿದಿಲ್ಲ. ಅವತ್ತು ವಾಪಸ್ ಬಂದವರಲ್ಲಿ ನಮ್ಮ ಅವ್ವನೂ ಒಬ್ಬಳು. ಅವಳಿಗೆ 79 ವರ್ಷ. ಸಕ್ಕರೆ ಕಾಯಿಲೆ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಮೊಣಕಾಲು ನೋವಂತೂ ಇದ್ದೇ ಇದೆ.

ಮೂರು ವರ್ಷದ ಹಿಂದೆ ಅವ್ವನಿಗೆ ಸಂಡಾಸದಲ್ಲಿ ರಕ್ತ ಬಿದ್ದಿತ್ತು. ಆಗ ಕೊಲೊನೊಸ್ಕೋಪಿ ಮಾಡಿ ದೊಡ್ಡ ಕರುಳಿನಲ್ಲಿದ್ದ ಎರಡು ಸಣ್ಣ ಗಂಟು, ಅಂದರೆ ಪಾಲಿಪ್, ತೆಗೆದರು. ಒಂದು 5 ಮಿಲಿಮೀಟರ್, ಇನ್ನೊಂದು 6. ಕ್ಯಾನ್ಸರ್ ಇಲ್ಲ ಅಂದರು, ನಾವು ದೇವರಿಗೆ ಕಾಯಿ ಒಡೆದು ಬಂದೆವು. ಚೀಟಿಯ ಕೆಳಗೆ ‘3 ವರ್ಷ ಬಿಟ್ಟು ಮತ್ತೆ ನೋಡಬೇಕು’ ಅಂತ ಒಂದು ಸಾಲು ಬರೆದಿದ್ದರು. ಆ ಒಂದು ಸಾಲಿಗೋಸ್ಕರ ಇಷ್ಟೆಲ್ಲಾ ನಡೆದಿದೆ.

ರಕ್ತ ತೆಳುವಾಗುವ ಮಾತ್ರೆಯನ್ನು 5 ದಿನ ಮೊದಲೇ ನಿಲ್ಲಿಸಿ ಅಂದರು, ನಿಲ್ಲಿಸಿದೆವು. ಎರಡು ದಿನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮುಟ್ಟಬಾರದು, ಬರೀ ಮೆತ್ತಗಿನ ಅನ್ನ ಅಂದರು. ಜನ್ಮವೆಲ್ಲ ರೊಟ್ಟಿ ತಿಂದ ಜೀವ ಅದು, ಆದರೂ ಅವ್ವ ಒಂದು ಮಾತು ಆಡಲಿಲ್ಲ. ಬುಧವಾರ ಸಂಜೆಯಿಂದ ಹೊಟ್ಟೆ ಖಾಲಿ ಮಾಡಿಸುವ ಪುಡಿ ಕಲಸಿದ ನೀರು, ಸಂಜೆ ಒಂದು ಲೀಟರ್, ಬೆಳಗಿನ ಜಾವ 4 ಗಂಟೆಗೆ ಇನ್ನೊಂದು ಲೀಟರ್. ಉಪ್ಪುಪ್ಪಾದ ಆ ನೀರು ಒಂದೊಂದು ಗುಟುಕು ನುಂಗುವಾಗ ಅವಳಿಗೆ ವಾಂತಿ ಬಂದಂತಾಗುತ್ತಿತ್ತು. ನಮ್ಮ ಸಂಡಾಸ ಹಿತ್ತಲಲ್ಲಿದೆ. ಆ ದಿನ ನಳದಲ್ಲಿ ನೀರು ಬಂದಿರಲಿಲ್ಲ, ಪಕ್ಕದ ಮನೆಯವರ ಕೊಡಪಾನ ತಂದು ಇಟ್ಟುಕೊಂಡಿದ್ದೆವು. ರಾತ್ರಿ 2 ಗಂಟೆಗೆ ಕರೆಂಟ್ ಹೋಯಿತು. ಮೊಬೈಲ್ ಬ್ಯಾಟರಿ ಹಿಡಿದು ಅವ್ವನ ರಟ್ಟೆ ಹಿಡಿದು ಎಷ್ಟು ಸಲ ಓಡಾಡಿದೆನೋ, ಹದಿನಾಲ್ಕರ ನಂತರ ಎಣಿಸುವುದನ್ನು ಬಿಟ್ಟೆ. ಒಮ್ಮೆ ಕಲ್ಲಿನ ಮೆಟ್ಟಿಲ ಮೇಲೆ ಕಾಲು ಜಾರಿತು. ಬಿದ್ದಿದ್ದರೆ ಆ ವಯಸ್ಸಿನಲ್ಲಿ ಸೊಂಟ ಮುರಿದು ಮಲಗಿಬಿಡುತ್ತಿದ್ದಳು ಅಲ್ವಾ?

ಬೆಳಿಗ್ಗೆ 6ಕ್ಕೆ ತಲೆ ಗಿರ್ ಅಂತ ಕೂತುಬಿಟ್ಟಳು. ಸಕ್ಕರೆ ನೋಡಿದರೆ 62ಕ್ಕೆ ಇಳಿದಿತ್ತು. ಹಿಂದಿನ ದಿನ ಉಪವಾಸ ಇರುವಾಗ ಸಕ್ಕರೆ ಮಾತ್ರೆ ಕಡಿಮೆ ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಗ್ಲುಕೋಸ್ ನೀರು ಕುಡಿಸಿ, ಆಟೋದಲ್ಲಿ ಮಲಗಿಸಿಕೊಂಡು ಹೋದೆವು. ಲಿಫ್ಟ್ ಬಂದ್. ಎರಡನೇ ಮಹಡಿಗೆ ನಾನು ಮತ್ತು ನನ್ನ ಮಗ ಕುರ್ಚಿಯಲ್ಲಿ ಕೂಡಿಸಿ ಹೊತ್ತೆವು. 8 ಗಂಟೆಯಿಂದ ಮಧ್ಯಾಹ್ನ ಒಂದೂವರೆವರೆಗೆ ಬೆಂಚಿನ ಮೇಲೆ ಕೂತಿದ್ದಳು, ಬಾಯಿಗೆ ಒಂದು ಹನಿ ನೀರಿಲ್ಲ. ಅಷ್ಟರಲ್ಲಿ ಕಾರ್ಡಿನ ಝೆರಾಕ್ಸ್ ಮೂರು ಕಾಪಿ ಬೇಕು ಅಂತ ನನ್ನನ್ನು ಎರಡು ಸಲ ಕೆಳಗೆ ಓಡಿಸಿದರು. ಆಮೇಲೆ ಒಬ್ಬ ಹುಡುಗ ಬಂದು ಬಾಗಿಲಲ್ಲೇ ನಿಂತು, ‘ಯಂತ್ರ ಕೆಟ್ಟದ್ರಿ, ಇವತ್ತ ಆಗಂಗಿಲ್ಲ, ಮಂಗಳವಾರ ಬರ್ರಿ’ ಅಂದ. ಅವ್ವ ನನ್ನ ಸೆರಗು ಹಿಡಿದು, ‘ಮನಿಗಿ ಹೋಗಮು ನಡಿಯವ್ವ’ ಅಂದಳು. ಅವಳ ದನಿಯೇ ಬರುತ್ತಿರಲಿಲ್ಲ.

ಯಂತ್ರ ಬುಧವಾರ ಮಧ್ಯಾಹ್ನವೇ ಕೆಟ್ಟಿತ್ತು ಅಂತ ನಿಮ್ಮ ವರದಿಯಲ್ಲೇ ಇದೆ. ಅವ್ವ ಮೊದಲ ಲೋಟ ಬಾಯಿಗಿಡುವ ಮುಂಚೆಯೇ! ನಮ್ಮ ನಂಬರ್ ಅವರ ಪುಸ್ತಕದಲ್ಲಿ ಇತ್ತು. ಒಂದು ಫೋನ್ ಮಾಡಲು ಎಷ್ಟು ಹೊತ್ತು ಬೇಕು? ನಿಲ್ಲಿಸಿದ ಮಾತ್ರೆ ಮತ್ತೆ ಶುರು ಮಾಡಬೇಕೋ, ಮಂಗಳವಾರದವರೆಗೆ ಹಾಗೇ ಇರಬೇಕೋ ಅಂತ ಕೇಳಿದರೆ ಹೇಳುವವರೇ ಇರಲಿಲ್ಲ. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಅದು, ಸಣ್ಣ ಮಾತಲ್ಲ.

ಇನ್ನೂ ಹೊಟ್ಟೆ ಉರಿಯುವ ಸಂಗತಿ ಬೇರೆ ಇದೆ. ಹೈದರಾಬಾದಿನಲ್ಲಿ ಡಾಕ್ಟರ್ ಆಗಿರುವ ನಮ್ಮ ಅಕ್ಕನ ಮಗನಿಗೆ ಅವತ್ತು ರಾತ್ರಿ ಹಳೆಯ ರಿಪೋರ್ಟಿನ ಫೋಟೋ ಕಳಿಸಿದೆ. ಮಾತ್ರೆ ಈಗಲೇ ಶುರು ಮಾಡು ಚಿಕ್ಕಮ್ಮ ಅಂದ. ಆಮೇಲೆ, ‘ಆಯಿಗೆ ಈ ಟೆಸ್ಟ್ ಮತ್ತೆ ಯಾಕೆ ಬೇಕಿತ್ತು?’ ಅಂತ ಕೇಳಿದ. ಎರಡೇ ಗಂಟು, ಎರಡೂ 10 ಮಿಲಿಮೀಟರ್‌ಗಿಂತ ಸಣ್ಣವು, ತೆಗೆದ ಗಂಟಿನ ಲ್ಯಾಬ್ ಪರೀಕ್ಷೆ, ಅಂದರೆ ಬಯಾಪ್ಸಿಯಲ್ಲೂ ಕೆಟ್ಟದ್ದೇನೂ ಇಲ್ಲ. ಅಂಥವು ಕ್ಯಾನ್ಸರ್ ಆಗುವುದೇ ಕಡಿಮೆ, ಆಗುವುದಾದರೂ ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ಹಿಡಿಯುತ್ತದೆಯಂತೆ. ಅಮೆರಿಕದ ತಜ್ಞರು 2020ರಲ್ಲಿ ಇಂಥವರಿಗೆ 7ರಿಂದ 10 ವರ್ಷ ಬಿಟ್ಟು ನೋಡಿದರೆ ಸಾಕು ಅಂದಿದ್ದಾರೆ. ಅದೇ ವರ್ಷ ಯುರೋಪಿನವರು ಇಂಥವರಿಗೆ ಮರುಪರೀಕ್ಷೆಯೇ ಬೇಡ ಅಂದರು, 80 ದಾಟಿದ ಮೇಲೆ ಈ ಮರುಪರೀಕ್ಷೆಗಳನ್ನು ನಿಲ್ಲಿಸಬಹುದು ಅಂತಲೂ ಹೇಳಿದರು. ವಯಸ್ಸಾದಂತೆ ಕರುಳು ತೂತಾಗುವ, ರಕ್ತ ಹೋಗುವ, ನೀರಿನಂಶ ಇಳಿದು ಬೀಳುವ ಅಪಾಯ ಜಾಸ್ತಿ. ಲಾಭ ಸಿಗಬೇಕಾದರೆ ಮುಂದೆ ಎಷ್ಟೋ ವರ್ಷ ಆಯುಷ್ಯ ಬೇಕು. ಇದನ್ನೆಲ್ಲ ತೂಗಿ ನೋಡಿ, ಮನೆಯವರನ್ನು ಕೂಡಿಸಿಕೊಂಡು ಮಾತಾಡಿ ಆಮೇಲೆ ಕರೆಯಬೇಕಿತ್ತು. ನಮ್ಮಲ್ಲಿ ಆ ಬಯಾಪ್ಸಿ ಕಾಗದವನ್ನು ಯಾರೂ ತೆರೆದೇ ನೋಡಿಲ್ಲ.

ಹಾಗಂತ ಈ ಟೆಸ್ಟೇ ಬೇಡ ಅಂತ ಯಾರೂ ತಿಳಿಯಬೇಡಿ. ಅದೇ ಬೆಂಚಿನ ಮೇಲೆ ಆಳಂದ ಕಡೆಯ ಒಬ್ಬ ಯಜಮಾನರು ಕೂತಿದ್ದರು, 62 ವರ್ಷ. ಅವರಿಗೆ ದೊಡ್ಡ ಗಂಟು ಇತ್ತಂತೆ, ತುಂಡು ತುಂಡಾಗಿ ತೆಗೆದು ಆರು ತಿಂಗಳಿಗೆ ಬನ್ನಿ ಅಂದಿದ್ದರು. ಅಂಥವರು ತಪ್ಪಿಸಲೇಬಾರದು, ಅಲ್ಲಿ ಉಳಿದದ್ದು ಮತ್ತೆ ಬೆಳೆಯಬಹುದು ಅಂದ ನಮ್ಮ ಹುಡುಗ. ಅವರಿಗೆ ಇದು ಒಂಬತ್ತನೇ ತಿಂಗಳು, ಮೂರನೇ ಸಲ ವಾಪಸ್ ಹೋದರು. ಬೇಕಾದವರಿಗೆ ಆಗಲಿಲ್ಲ, ಬೇಡದವರನ್ನು ರಾತ್ರಿಯಿಡೀ ಗೋಳಾಡಿಸಿದರು. ಅವ್ವನಿಗೆ ಮೊದಲು ರಕ್ತ ಬಿದ್ದಾಗ ನೋಡಿದ್ದು ಸರಿಯೇ, ರಕ್ತ ಬಿದ್ದರೆ ಯಾವ ವಯಸ್ಸಿನಲ್ಲೂ ತೋರಿಸಬೇಕು. ನಾನು ಕೇಳುತ್ತಿರುವುದು ಸುಮ್ನೆ ತಾರೀಖು ನೋಡಿ ಕರೆಯುವ ಈ ಪದ್ಧತಿಯ ಬಗ್ಗೆ.

ನಮ್ಮ ಭಾಗದ ಕಥೆಯೇ ಇದು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಬಂದು ಹತ್ತು ವರ್ಷದ ಮೇಲಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಪ್ರತಿ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಭಾಷಣ ಕೇಳುತ್ತೇವೆ. ಆದರೂ ಸ್ವಲ್ಪ ದುಡ್ಡಿದ್ದವರು ಇವತ್ತಿಗೂ ಸೊಲ್ಲಾಪುರ, ಹೈದರಾಬಾದ್ ಬಸ್ಸು ಹತ್ತುತ್ತಾರೆ. ಯಾದಗಿರಿ ಕಡೆಯಿಂದ ಹೊಟ್ಟೆ ಖಾಲಿ ಮಾಡಿಕೊಂಡು ಬಸ್ಸಿನಲ್ಲಿ ಬರುವ ಮುದುಕರ ಪಾಡು ನೆನೆಸಿಕೊಳ್ಳಿ. ಬೇಸಿಗೆಯಲ್ಲಿ ನೀರಿಲ್ಲ ಅಂತ ಓಣಿಯವರೆಲ್ಲ ಸಹಿ ಮಾಡಿ ಕೊಟ್ಟ ಅರ್ಜಿ ಏನಾಯಿತು? ಅಗೆದ ರಸ್ತೆ ಯಾವಾಗ ಮುಚ್ಚುತ್ತಾರೆ? ಕಚೇರಿಗೆ ಹೋದರೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’. ಹೋದ ವರ್ಷವೂ ಮೀಟಿಂಗು, ಈ ವರ್ಷವೂ ಮೀಟಿಂಗು!

ಯಂತ್ರ ರಿಪೇರಿ ಮಾಡಿಸಲಿ, ಇಲ್ಲಾ ಹೊಸದು ತರಿಸಲಿ. ಲಿಫ್ಟ್ ಸರಿ ಮಾಡಲಿ. ವಯಸ್ಸಾದವರನ್ನು ಕರೆಯುವ ಮೊದಲು ಹಳೆಯ ರಿಪೋರ್ಟ್ ಓದಿ, ಬೇಕೋ ಬೇಡವೋ ಬಾಯಿ ಬಿಟ್ಟು ಹೇಳಲಿ. ‘ಸ್ವಲ್ಪ’ ಅಂದವರು ಆ ಮಾತು ವಾಪಸ್ ತಗೊಳ್ಳಲಿ, ನಮ್ಮ ಅವ್ವನ ಹತ್ತಿರ ಬಂದು ತಪ್ಪಾಯಿತು ಅನ್ನಲಿ. ಮಂಗಳವಾರ ಅವಳನ್ನು ಕರೆತರುವುದಿಲ್ಲ, ರಿಪೋರ್ಟ್ ಹಿಡಿದುಕೊಂಡು ನಾನೊಬ್ಬಳೇ ಬರುತ್ತೇನೆ. ಡಾಕ್ಟರ್ ಇರುತ್ತಾರೋ ಇಲ್ಲವೋ ಕೇಳೋಣ ಅಂದರೆ ಎರಡು ದಿನದಿಂದ ಅಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ. ಮೊದಲು ಆ ಫೋನ್ ಎತ್ತಿರಿ.

— ನೊಂದ ಮಗಳು, ಸೇಡಂ ರಸ್ತೆ, ಕಲಬುರಗಿ