ಹೆಪ್ಪುಗಟ್ಟಿದ ನೆಲಕ್ಕಿಳಿಯುವ ಮುನ್ನ

ವೆಸ್ಟ್ ಹಾರ್ಟ್‌ಫರ್ಡ್, ಕನೆಕ್ಟಿಕಟ್
17 ನವೆಂಬರ್ 2024

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಡಿಸೆಂಬರಿನಲ್ಲಿ ಕೆಂಟಕಿಯ ಲೂಯಿವಿಲ್‌ನ ಜೋ ಕ್ರೀಸನ್ ಪಾರ್ಕಿನಲ್ಲಿ ನಡೆಯುವ ರಾಷ್ಟ್ರೀಯ ಸೈಕ್ಲೋಕ್ರಾಸ್ ಚಾಂಪಿಯನ್‌ಷಿಪ್‌ಗೆ ನೀನು ಹೆಸರು ಕೊಟ್ಟಿರುವ ಸಂಗತಿಯನ್ನು ನಿನ್ನಮ್ಮ ಫೋನಿನಲ್ಲಿ ತಿಳಿಸಿದಳು. ತಿಳಿಸಿದ ಉಸಿರಿನಲ್ಲೇ, "ಇದನ್ನು ಬೇಸಿಗೆಯಲ್ಲಿ ನಡೆಸಿದರೆ ಇವರ ಗಂಟೇನು ಹೋಗುತ್ತಿತ್ತು ಅಣ್ಣ?" ಎಂದೂ ಕೇಳಿದಳು. ಕೆಸರು, ಹುಲ್ಲು, ಏರುಗಳ ಸುತ್ತುದಾರಿಯಲ್ಲಿ ತುಳಿಯುತ್ತ, ತುಳಿಯಲಾಗದ ಕಡೆ ಸೈಕಲ್ ಹೊತ್ತು ಓಡುವ ಈ ಆಟ ಹುಟ್ಟಿದ್ದೇ ಚಳಿಗಾಲಕ್ಕಾಗಿ ಎಂದು ಅವಳಿಗೆ ಹೇಳು. ರಸ್ತೆ ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಮೈ ಜಡವಾಗದಿರಲೆಂದು ಫ್ರಾನ್ಸಿನ ಸವಾರರು ಹೊಲ, ಬೇಲಿ, ಹಳ್ಳಗಳನ್ನು ದಾಟಿಕೊಂಡು ಸೈಕಲ್ ತುಳಿಯುತ್ತಿದ್ದರು. ಅಲ್ಲಿನ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1902ರಲ್ಲೇ ನಡೆಯಿತು. 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಜಾನ್ ರೋಬಿಕ್ ಅದಕ್ಕೂ ಮೂರು ವರ್ಷ ಮೊದಲು ಟೂರ್ ಡಿ ಫ್ರಾನ್ಸ್ ಗೆದ್ದವನು. ಇಷ್ಟು ಕೇಳಿ ನಿನ್ನಮ್ಮ ಸಮಾಧಾನಗೊಳ್ಳುವವಳಲ್ಲ, ಅದು ನನಗೆ ಗೊತ್ತು.

ನೀನು ಅಟ್ಲಾಂಟದಲ್ಲಿ ಬೆಳೆದವಳು. ಅಲ್ಲಿಯ ಕೆಂಪುಮಣ್ಣಿನ ಕೆಸರನ್ನು ಬಲ್ಲೆ. ಹೆಪ್ಪುಗಟ್ಟಿದ ಕೆಸರನ್ನು ಅರಿಯೆ. ಆ ವ್ಯತ್ಯಾಸವನ್ನು ನಾನು ಪೆಟ್ಟು ತಿಂದು ಕಲಿತವನಾದ್ದರಿಂದ ಬರೆಯುತ್ತಿದ್ದೇನೆಯೇ ಹೊರತು, ಗೆದ್ದ ಅನುಭವದಿಂದಲ್ಲ. 2017ರ ಜನವರಿಯಲ್ಲಿ ಇದೇ ಚಾಂಪಿಯನ್‌ಷಿಪ್ ನಮ್ಮ ಹಾರ್ಟ್‌ಫರ್ಡಿನ ನದೀತೀರದ ಪಾರ್ಕಿಗೆ ಬಂದಾಗ, ಮನೆಬಾಗಿಲಿಗೆ ಬಂದ ಹಬ್ಬವನ್ನು ಬಿಡುವುದೇಕೆಂದು ಹಿರಿಯರ ವಿಭಾಗದಲ್ಲಿ ನಾನೂ ಇಳಿದೆ. ಹಿಂದಿನ ಮಧ್ಯಾಹ್ನ ಅಂಕಣವನ್ನು ಎರಡು ಸುತ್ತು ಹಾಕಿ ನೋಡಿದ್ದೆ. ನೆಲ ಮೆತ್ತಗಿತ್ತು, ಚಕ್ರ ಹೇಳಿದಂತೆ ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ಎದ್ದು ಬೆಚ್ಚಗಿನ ಅಡುಗೆಮನೆಯಲ್ಲಿ ನಿಂತು ಟೈರಿಗೆ ಗಾಳಿ ತುಂಬಿಕೊಂಡು, ದಪ್ಪನೆಯ ಕೈಗವಸು ತೊಟ್ಟು ಹೊರಟೆ. ಹಿಂದಿನ ದಿನ ನೂರಾರು ಚಕ್ರಗಳು ಕೊರೆದಿದ್ದ ಜಾಡುಗಳು ರಾತ್ರಿಯ ಚಳಿಗೆ ಕಲ್ಲಾಗಿದ್ದವು. ಬೇಸಿಗೆಯಲ್ಲಿ ನಮ್ಮೂರಿನ ಗದ್ದೆದಾರಿಯಲ್ಲಿ ಎತ್ತಿನಗಾಡಿಯ ಜಾಡು ಒಣಗಿ ಗಟ್ಟಿಯಾಗಿರುವುದನ್ನು ರಜೆಯಲ್ಲಿ ಬಂದಾಗ ನೋಡಿದ್ದೀಯಲ್ಲ, ಅದರ ಮೇಲೆ ಎಣ್ಣೆ ಸುರಿದರೆ ಹೇಗೋ ಹಾಗೆ. ಎರಡನೆಯ ತಿರುವಿನಲ್ಲಿ ಮುಂದಿನ ಚಕ್ರ ಒಂದು ಜಾಡಿಗೆ ಸಿಕ್ಕಿತು, ನಾನು ಇನ್ನೊಂದು ಕಡೆಗೆ ತಿರುಗಿಸಲು ಹೋದೆ, ಬಿದ್ದೆ. ಆಮೇಲೆ ಬಿದ್ದದ್ದನ್ನು ಲೆಕ್ಕ ಇಡಲಿಲ್ಲ. ಬೆರಳುಗಳು ಮರಗಟ್ಟಿ, ಬ್ರೇಕ್ ಹಿಡಿದಿದ್ದೇನೆಯೋ ಬಿಟ್ಟಿದ್ದೇನೆಯೋ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕಾಗಿ ಬಂದಿತು. ಮುಂದಾಳುಗಳಿಗಿಂತ ತೀರಾ ಹಿಂದೆ ಬಿದ್ದವರನ್ನು ಅಂಕಣದಿಂದ ಹೊರಗೆ ಕರೆಯುವ ನಿಯಮವಿದೆಯಲ್ಲ, ಅದರ ಪ್ರಕಾರ ನನ್ನನ್ನೂ ಕರೆದರು. ಹೊರಬರುವಾಗ ಅವಮಾನಕ್ಕಿಂತ ಹೆಚ್ಚಾಗಿ ಬಿಸಿ ಕಾಫಿಯ ಯೋಚನೆಯೇ ಇದ್ದದ್ದು ನಿಜ.

ಅಂದು ನಾನು ಮಾಡಿದ ದೊಡ್ಡ ತಪ್ಪು ಇದು: ನಿನ್ನೆಯ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ನೆಲದ ಮೇಲೆ ಸೈಕಲ್ ಬಿಟ್ಟೆ. ಸೊನ್ನೆ ಡಿಗ್ರಿಯ ಆಚೀಚೆ ತೂಗಾಡುವ ದಿನಗಳಲ್ಲಿ ನೆಲ ಗಂಟೆಗೊಂದು ಬಗೆಯಾಗಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಕಲ್ಲು; ಹತ್ತೂವರೆಯ ಹೊತ್ತಿಗೆ ಬಿಸಿಲು ತಾಗಿದ ಕಡೆ ಮೇಲಿನ ಒಂದಂಗುಲ ಮಾತ್ರ ಕರಗಿ, ಕೆಳಗೆ ಇನ್ನೂ ಗಟ್ಟಿಯಾಗಿದ್ದು, ಬೆಣ್ಣೆ ಸವರಿದ ಹಾಗಾಗುತ್ತದೆ; ಮೂರು ಗಂಟೆಯ ಮೇಲೆ ಅದೇ ಮತ್ತೆ ಬಿಗಿಯತೊಡಗುತ್ತದೆ. ಮರದ ನೆರಳಿನಲ್ಲಿರುವ ಇಳಿಜಾರು ಮಾತ್ರ ಇಡೀ ದಿನ ಕರಗುವುದಿಲ್ಲ. ಹಾರ್ಟ್‌ಫರ್ಡಿನಲ್ಲಿ ಆ ಒಂದೇ ವಾರದಲ್ಲಿ ಕೆಸರು, ಹಿಮ, ಮಂಜುಗಡ್ಡೆ ಮೂರನ್ನೂ ಕಂಡೆವು. ಕೊನೆಯ ದಿನ ಸ್ಟೀಫನ್ ಹೈಡ್ ತನ್ನ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ನಾನು ಹಗ್ಗದ ಈಚೆ ಕಾಲು ಕುಟ್ಟುತ್ತ ನಿಂತಿದ್ದೆ. ನೀನು ಹೋಗುವ ಪಾರ್ಕಿನಲ್ಲೇ 2018ರಲ್ಲಿ ನಡೆದದ್ದು ಆಳವಾದ ಕೆಸರಿನ ಪಂದ್ಯ. ಆದುದರಿಂದ ಹಿಂದಿನ ದಿನದ ಅಭ್ಯಾಸವನ್ನು ತಿರುವುಗಳ ಪರಿಚಯಕ್ಕೆಂದು ಮಾತ್ರ ಇಟ್ಟುಕೊ. ಪಂದ್ಯದ ದಿನ ನಿನಗಿಂತ ಮೊದಲಿನ ಪಂದ್ಯ ನಡೆಯುತ್ತಿರುವಾಗ ಬೇಲಿಯ ಹೊರಗಿನಿಂದ ನಡೆದು, ಅತಿ ಕಷ್ಟದ ಎರಡು ಜಾಗಗಳಲ್ಲಿ ಐದೈದು ನಿಮಿಷ ನಿಂತು, ಯಾರು ಯಾವ ಜಾಡು ಹಿಡಿಯುತ್ತಾರೆ, ಎಲ್ಲಿ ಇಳಿದು ಓಡುತ್ತಾರೆ ಎಂಬುದನ್ನು ನೋಡು. ವೇಗಿಗಳನ್ನಷ್ಟೇ ಅಲ್ಲ, ಬೀಳುವವರನ್ನೂ ನೋಡು.

ವೇಳಾಪಟ್ಟಿಯನ್ನೂ ಕಲ್ಲಿನಲ್ಲಿ ಕೆತ್ತಿದ್ದೆಂದು ಭಾವಿಸಬೇಡ. 2013ರಲ್ಲಿ ಇದೇ ಲೂಯಿವಿಲ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಒಹಾಯೊ ನದಿ ಏರುತ್ತಿದೆಯೆಂದು ಎರಡು ದಿನದ ಪಂದ್ಯಗಳನ್ನು ಒಂದೇ ಶನಿವಾರಕ್ಕೆ ಅಡಕಿದರು. 2015ರಲ್ಲಿ ಆಸ್ಟಿನ್‌ನಲ್ಲಿ ಮಳೆಗೆ ನೆನೆದ ಪಾರ್ಕಿನ ಮರಗಳ ಬೇರಿಗೆ ಹಾನಿಯಾಗುತ್ತದೆಂದು ಭಾನುವಾರದ ಪಂದ್ಯಗಳನ್ನು ಸೋಮವಾರಕ್ಕೆ ಮುಂದೂಡಿದರು. ಮರುದಿನವೇ ಹೊರಡಲೇಬೇಕೆಂಬ ಅವಸರವಿಲ್ಲದ ಹಾಗೆ ಹೋಟೆಲನ್ನು ಒಂದು ರಾತ್ರಿ ಹೆಚ್ಚಿಗೆ ಹಿಡಿದಿಡಲು ನಿನ್ನಪ್ಪನಿಗೆ ಹೇಳು.

ಇನ್ನು ಟೈರಿನ ವಿಷಯ. 33 ಮಿಲಿಮೀಟರಿಗಿಂತ ಅಗಲದ ಟೈರಿಗೆ ಅವಕಾಶವಿಲ್ಲ, ಮೊಳೆ ಕೂರಿಸಿದ ಟೈರಿಗಂತೂ ಇಲ್ಲವೇ ಇಲ್ಲ. ಹೀಗಾಗಿ ಮಂಜುಗಡ್ಡೆಯ ಮುಂದೆ ಎಲ್ಲರೂ ಒಂದೇ ರೀತಿಯ ಬಡವರು, ಕೈಯಲ್ಲಿ ಉಳಿಯುವುದು ಗಾಳಿಯ ಒತ್ತಡವೊಂದೇ. ನಿನ್ನ ತೂಕಕ್ಕೆ ಇಪ್ಪತ್ತರ ಆಸುಪಾಸಿನ ಪಿಎಸ್‌ಐಯಿಂದ (ಗಾಳಿಯ ಒತ್ತಡದ ಅಳತೆ) ಆರಂಭಿಸಿ, ಹಿಮವಿದ್ದರೆ ಇನ್ನೂ ಇಳಿಸಿ, ಗಟ್ಟಿ ಜಾಡುಗಳಿದ್ದರೆ ರಿಮ್ ನೆಲಕ್ಕೆ ಬಡಿಯದಷ್ಟು ಏರಿಸಿ ನೋಡಬೇಕು. ನನ್ನ ಅಡುಗೆಮನೆಯ ತಪ್ಪನ್ನು ನೀನು ಮಾಡಬೇಡ: ಇಪ್ಪತ್ತು ಡಿಗ್ರಿ ಸೆಲ್ಸಿಯಸ್ಸಿನ ಕೋಣೆಯಲ್ಲಿ 22 ಪಿಎಸ್‌ಐ ತುಂಬಿದ ಟೈರು ಮೈನಸ್ ಐದರ ಬಯಲಿಗೆ ಬಂದು ತಣ್ಣಗಾಗುವಷ್ಟರಲ್ಲಿ ಸುಮಾರು ಮೂರು ಪಿಎಸ್‌ಐ ತಾನಾಗಿ ಕಳೆದುಕೊಂಡಿರುತ್ತದೆ. ಸೈಕಲ್ಲನ್ನು ಅರ್ಧ ಗಂಟೆ ಹೊರಗೆ ನಿಲ್ಲಿಸಿ, ಆಮೇಲೆ ಅಳೆ. ಪ್ರತಿ ಸಲವೂ ಅದೇ ಮಾಪಕದಲ್ಲಿ ಅಳೆ. ಎರಡು ಮಾಪಕಗಳು ಒಂದೇ ಮಾತು ಹೇಳಿದ್ದನ್ನು ನಾನಂತೂ ಕಂಡಿಲ್ಲ.

ನಿನ್ನ ಪಂದ್ಯ ಸುಮಾರು ನಲವತ್ತು ನಿಮಿಷದ್ದು. ಒಮ್ಮೆ ಹೊರಟಮೇಲೆ ಮೈ ಬಿಸಿಯಾಗಿಯೇ ಇರುತ್ತದೆ. ಅಪಾಯವಿರುವುದು ಹೊರಡುವ ಮುಂಚಿನ ಹದಿನೈದು ನಿಮಿಷದಲ್ಲಿ, ಹೆಸರು ಕರೆದು ಸಾಲಿನಲ್ಲಿ ನಿಲ್ಲಿಸಿದಾಗ. ಸೈಕಲ್ಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಟ್ರೇನರ್ ಮೇಲೆ ಕಷ್ಟಪಟ್ಟು ಕಾಸಿಕೊಂಡ ಮೈಯನ್ನು ಅಲ್ಲಿ ನಿಂತು ಆರಿಸಿಕೊಳ್ಳುವವರೇ ಬಹಳ. ದೊಡ್ಡ ಜಾಕೆಟ್ಟನ್ನು ಕೊನೆಯ ಎರಡು ನಿಮಿಷದವರೆಗೂ ತೆಗೆಯಬೇಡ. ಬೆವರಿದ ಕೈಗವಸನ್ನು ಅಲ್ಲಿಯೇ ಬಿಚ್ಚಿ, ಒಳಜೇಬಿನಲ್ಲಿ ಬೆಚ್ಚಗಿಟ್ಟಿದ್ದ ಒಣ ಜೋಡಿಯನ್ನು ತೊಟ್ಟುಕೊ, ಅದು ತೆಳ್ಳಗಿರಲಿ. ಕಾಲಿಗೆ ಹಚ್ಚುವ ಖಾರದ ಮುಲಾಮನ್ನು ಚಡ್ಡಿ ತೊಟ್ಟ ಮೇಲೆ ಹಚ್ಚಬೇಕೇ ಹೊರತು ಮೊದಲಲ್ಲ, ಹಚ್ಚಿದ ಕೈಯಿಂದ ಕಣ್ಣು ಮುಟ್ಟಬಾರದು, ಮತ್ತು ಸಂಜೆ ಅದನ್ನು ಸೋಪಿನಿಂದ ಚೆನ್ನಾಗಿ ತೊಳೆಯದೆ ಬಿಸಿನೀರಿಗೆ ಕಾಲಿಡಬಾರದು. ಈ ಕೊನೆಯ ಮಾತನ್ನು ಮರೆತ ದಿನ ನಾನು ಬಚ್ಚಲಿನಲ್ಲಿ ಕಿರುಚಿದ್ದು ನಿನ್ನ ಅತ್ತೆಗೆ ಇನ್ನೂ ನೆನಪಿದೆ.

ಹೆಪ್ಪುಗಟ್ಟಿದ ಜಾಡಿನಲ್ಲಿ ಹ್ಯಾಂಡಲನ್ನು ಬಿಗಿಹಿಡಿಯುವುದೇ ಬೀಳುವ ದಾರಿ. ಒಳಹೊಕ್ಕ ಮೇಲೆ ಅದರ ಕೊನೆಯವರೆಗೆ ಚಕ್ರ ಅಲ್ಲೇ ಇರಲಿ; ದೃಷ್ಟಿ ಜಾಡು ಮುಗಿಯುವ ಕಡೆಗಿರಲಿ, ಮೊಣಕೈ ಸಡಿಲವಿರಲಿ, ಬ್ರೇಕ್ ಹಿಡಿಯುವುದೆಲ್ಲ ಅದಕ್ಕೂ ಮೊದಲೇ ಆಗಿಹೋಗಿರಲಿ. ಹಿಂದಿನ ಚಕ್ರ ಒಂದು ಗೇಣು ಜಾರಿದರೆ ಜಾರಲಿ, ಅದು ತಾನಾಗಿ ಹಿಂದಕ್ಕೆ ಬರುತ್ತದೆ. ಅನುಮಾನವಿದ್ದ ಏರಿನಲ್ಲಿ ಹತ್ತು ಹೆಜ್ಜೆ ಮೊದಲೇ ಇಳಿದು ಓಡು. ವೇಗ ಸತ್ತ ಮೇಲೆ ಇಳಿದವಳಿಗೆ ಅದೇ ಏರು ಎರಡರಷ್ಟು ಉದ್ದವಾಗುತ್ತದೆ. ಸೈಕಲ್ ಹೊರುವುದು ನಮ್ಮ ಮನೆತನಕ್ಕೆ ಹೊಸದೇನೂ ಅಲ್ಲ. ನಿನ್ನ ಅಜ್ಜ ಮಳೆಗಾಲದಲ್ಲಿ ಶಿರಸಿ ಪೇಟೆಗೆ ಹೋಗಬೇಕಾದಾಗ ಅಡಿಕೆ ಮರದ ಸಂಕದ ಮೇಲೆ ತನ್ನ ಕಬ್ಬಿಣದ ಸೈಕಲ್ಲನ್ನು ಹೆಗಲಿಗೇರಿಸಿ ಹಳ್ಳ ದಾಟುತ್ತಿದ್ದ. ಬಲಗೈಯನ್ನು ಬಾರ್‌ನ ಕೆಳಗಿನಿಂದ ತೂರಿಸಿ ಹ್ಯಾಂಡಲನ್ನು ಎದೆಗೆ ಒತ್ತಿಹಿಡಿದು, ಎಡಗೈಯನ್ನು ಸಮತೋಲಕ್ಕೆಂದು ಖಾಲಿ ಬಿಟ್ಟು. ಇಲ್ಲಿನ ತರಬೇತುದಾರರು ಇಂದು ಹೇಳಿಕೊಡುವುದೂ ಅದೇ ಭಂಗಿಯನ್ನು. ಅಜ್ಜನ ಸೈಕಲ್ಲು ನಿನ್ನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಭಾರವಿತ್ತು ಎಂಬುದನ್ನು ಮಾತ್ರ ಏರಿನ ನಡುವೆ ನೆನೆಸಿಕೊ.

ಪಂದ್ಯದ ನಡುವೆ ಸೈಕಲ್ ಬದಲಿಸಿಕೊಳ್ಳುವ ಜಾಗವಾದ ಪಿಟ್‌ನಲ್ಲಿ ನಾನಿರುತ್ತೇನೆ. ಎರಡನೆಯ ಸೈಕಲ್ಲಿಗೂ ಅದೇ ಟೈರು, ಅದೇ ಒತ್ತಡ ಇರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹಲಸಿನಹಣ್ಣು ಬಿಡಿಸುವಾಗ ಮೇಣ ಅಂಟದಿರಲೆಂದು ಕೈಗೆ ಎಣ್ಣೆ ಸವರಿಕೊಳ್ಳುವಂತೆ, ಪೆಡಲಿಗೂ ನಿನ್ನ ಬೂಟಿನ ಅಡಿಗೂ ಅಡುಗೆ ಎಣ್ಣೆಯ ಸ್ಪ್ರೇ ಹೊಡೆಯುವುದಿದೆ. ಓಡಿ ಬಂದು ಮತ್ತೆ ಹತ್ತುವಾಗ ಬೂಟನ್ನು ಪೆಡಲಿಗೆ ಕಚ್ಚಿಸುವ ಕ್ಲೀಟಿನಲ್ಲಿ ಹಿಮ ಗಟ್ಟಿಯಾಗಿ ಕೂತಿದ್ದರೆ ಕಾಲು ಕಚ್ಚಿಕೊಳ್ಳುವುದಿಲ್ಲ, ಆಗ ಪೆಡಲಿಗೆ ಬೂಟನ್ನು ಒಮ್ಮೆ ಜೋರಾಗಿ ಕುಟ್ಟು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ನೀರು ಹೊಡೆದು ತೊಳೆದ ಸೈಕಲ್ಲಿನ ಗೇರು ಒಂದು ಸುತ್ತು ಮುಗಿಯುವಷ್ಟರಲ್ಲಿ ಹೆಪ್ಪುಗಟ್ಟಿ ನಿಲ್ಲಬಹುದು. ಆದ್ದರಿಂದ ಚೆನ್ನಾಗಿ ಓಡುತ್ತಿರುವ ಸೈಕಲ್ಲನ್ನು ಬರಿದೆ ಕೆಸರಾಯಿತೆಂದು ಬದಲಿಸಲು ಬರಬೇಡ. ಗೇರು ಎರಡು ಸಲ ಜಿಗಿದರೆ ಮಾತ್ರ ಬಾ, ಬರುವ ಮುಂಚೆ ಕೂಗು.

ಗೆರೆ ದಾಟಿದ ಮೇಲೆ ಗೆಳತಿಯರೊಡನೆ ಮಾತಿಗೆ ನಿಲ್ಲಬೇಡ. ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ನಿಂತರೆ ನಲವತ್ತು ನಿಮಿಷದ ಬಿಸಿಯೆಲ್ಲ ಹೋಗುತ್ತದೆ. ನೇರವಾಗಿ ಕಾರಿಗೆ ಬಂದು, ಬುಡದ ಬನಿಯನ್ನಿನವರೆಗೂ ಬದಲಿಸಿ, ಟೋಪಿ ಹಾಕಿಕೊ. ಬೆರಳಿಗೆ ಜೀವ ಬರುವಾಗ ಕಣ್ಣೀರು ಬರುವಷ್ಟು ನೋಯುತ್ತದೆ, ಅದಕ್ಕೆ ಹೆದರಬೇಡ. ಆದರೆ ತಿಕ್ಕಬೇಡ, ಸುಡುವ ನೀರಿಗೂ ಅದ್ದಬೇಡ, ಕಂಕುಳಿನಲ್ಲಿಟ್ಟುಕೊ. ಮಾತು ತೊದಲಿದರೆ, ಅಥವಾ ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋದರೆ, ಅದು ಆಯಾಸವಲ್ಲ. ಕೂಡಲೇ ಅಲ್ಲಿಯ ವೈದ್ಯಕೀಯ ಟೆಂಟಿಗೆ ಹೋಗಬೇಕು. ಇದನ್ನು ನಿನ್ನಪ್ಪನಿಗೂ ಓದಿ ಹೇಳು, ಆ ಹೊತ್ತಿನಲ್ಲಿ ನಿನಗೆ ತಿಳಿಯದಿರಬಹುದು.

ನಾನು ಪಂದ್ಯದ ಹಿಂದಿನ ದಿನ ಮಧ್ಯಾಹ್ನವೇ ಲೂಯಿವಿಲ್ ತಲುಪುತ್ತೇನೆ. ಪಿಟ್‌ನಲ್ಲಿ ನನ್ನನ್ನು ಹುಡುಕುವುದು ಕಷ್ಟವಾಗದಿರಲೆಂದು ಅಜ್ಜಿ ಹೆಣೆದು ಕಳಿಸಿದ ಆ ಕಿತ್ತಳೆ ಬಣ್ಣದ ಮಂಗನ ಟೋಪಿ ಹಾಕಿಕೊಂಡಿರುತ್ತೇನೆ. ನಿನ್ನಮ್ಮನಿಗೆ ಹೇಳಿ ದೊಡ್ಡ ಫ್ಲಾಸ್ಕಿನಲ್ಲಿ ಮೆಣಸಿನ ಸಾರು ಮಾಡಿಸಿಕೊಂಡು ಬಾ, ಮತ್ತು ಒಣ ಕೈಗವಸು ಮೂರು ಜೋಡಿ ತರುವುದನ್ನು ಮರೆಯಬೇಡ.

ಇಂತಿ,
ನಿನ್ನ ಮಾವ