ಹೆಸರು ಹೇಳದೆ ಹೋದವರಿಗೆ

ವಾರ್ಡಿನಲ್ಲಿ ಆ ಮಾಜಿ ಸೈನಿಕರ ಪಕ್ಕ ಕೂತು, ಹೆಸರನ್ನೂ ಹೇಳದೆ ಎದ್ದುಹೋದವರೇ, ನಿಮಗೆ ಆರೈಕೆ ತಂಡದ ನಮಸ್ಕಾರ.

ಕುರ್ಚಿಯನ್ನು ನೀವು ಎದುರಿಗೆ ಹಾಕಲಿಲ್ಲ. ತುಸು ಓರೆಯಾಗಿ, ಬಾಗಿಲು ಅವರಿಗೆ ಕಾಣುವಂತೆ ಎಳೆದುಕೊಂಡಿರಿ. ಆಘಾತಕ್ಕೆ ಸಿಕ್ಕವರಿಗೆ ಹೊರಹೋಗುವ ದಾರಿ ಕಣ್ಣಿಗೆ ಬೀಳುತ್ತಿದ್ದರೆ ಮೈ ಸಡಿಲವಾಗುತ್ತದೆ. 'ಪ್ರಾರ್ಥನೆ ಮಾಡಲೇ?' ಎಂದು ಕೇಳಿದಿರಿ. 'ಬೇಡ' ಅಂದಾಗ ಅಲ್ಲಿಗೇ ಬಿಟ್ಟಿರಿ. ಬಿಟ್ಟಿದ್ದೇ ದೊಡ್ಡದು.

ಬಹಳ ಮಂದಿ ಎಡವುವುದು ಇದರ ನಂತರ. 'ನಿಮ್ಮ ತಪ್ಪೇನಿಲ್ಲ ಬಿಡಿ' ಅಂದುಬಿಡುತ್ತಾರೆ. ಭಯದ ಗಾಯಕ್ಕೆ ಆ ಮಾತು ಒಗ್ಗೀತು, ನೈತಿಕ ಗಾಯಕ್ಕೆ, ಅಂದರೆ ಸರಿ-ತಪ್ಪಿನ ನಂಬಿಕೆಗೇ ಬಿದ್ದ ಪೆಟ್ಟಿಗೆ, ಒಗ್ಗದು. ಮಾಡಬಾರದ್ದು ಮಾಡಿದೆ, ತಡೆಯಬಹುದಿತ್ತು ತಡೆಯಲಿಲ್ಲ, ನಂಬಿದ ಮೇಲಧಿಕಾರಿಯೇ ಕೈಬಿಟ್ಟ: ಕೊರೆಯುತ್ತಿರುವುದು ಯಾವುದೆಂದು ತಿಳಿಯದೆ ಸಮಾಧಾನ ಹೇಳಿದರೆ, 'ಪೂರ್ತಿ ಹೇಳಿದರೆ ಇವರು ಹೇಸಿಕೊಂಡಾರು' ಅಂತ ಬಾಯಿ ಕಟ್ಟಿಹೋಗುತ್ತದೆ. (1990ರ ದಶಕದಲ್ಲಿ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ ಒತ್ತಿ ಹೇಳಿದ್ದು ಮೇಲಧಿಕಾರಿ ಕೈಬಿಟ್ಟ ಆ ನೋವನ್ನೇ.) ನೀವು ಕೇಳಿದ್ದು ಇಷ್ಟೇ: 'ಆಮೇಲೆ?'

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ವಿಚಾರಿಸಿ, ಅವರಿಗೆ ಹೇಳಿಯೇ ವೈದ್ಯರಿಗೆ ತಿಳಿಸಿದಿರಿ. ಕ್ಷಮೆಯ ಮಾತಿಗೆ ಅವಸರಪಡಲಿಲ್ಲ. ಸತ್ತ ಗೆಳೆಯನಿಗೆ ಪತ್ರ ಬರೆಯಲೆಂದು ಒಂದು ಬಿಳಿ ಹಾಳೆ ಇಟ್ಟು ಹೋದಿರಿ. ಅದರಲ್ಲೀಗ ನಾಲ್ಕು ಸಾಲಿದೆ.