ಹೋವರ್ಡ್‌ಗೆ ಹೊರಟ ಸಿಂಚನಾಗೆ ದೊಡ್ಡಮ್ಮನ ಪತ್ರ

ಪ್ರೀತಿಯ ಸಿಂಚನಾ,

ಇಲ್ಲಿ ಎಲ್ಲರೂ ಕ್ಷೇಮ. ಸಾಗರದಲ್ಲಿ ಮೂರು ದಿನದಿಂದ ಬಿಡದೆ ಮಳೆ. ನಿನಗೆ ವೀಸಾ ಆಯ್ತು ಅಂತ ನಿನ್ನಮ್ಮ ಹೇಳಿದಾಗಿನಿಂದ ಈ ಪತ್ರ ನನ್ನ ತಲೆಯಲ್ಲೇ ಇದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕೆಲವು ಮಾತನ್ನು ನೀನು ಅಲ್ಲಿಗೆ ಹೋದ ಮೇಲೆ ಮತ್ತೆ ತೆಗೆದು ಓದಬೇಕು ಅಂತ ನನಗೆ ಆಸೆ.

ಊರಲ್ಲಿ ಎಲ್ಲರೂ ನೀನು ಹಾರ್ವರ್ಡ್‌ಗೆ ಹೋಗುತ್ತಿದ್ದೀಯ ಅಂದುಕೊಂಡಿದ್ದಾರೆ. ನಿನ್ನಪ್ಪ ತಿದ್ದುತ್ತಿಲ್ಲ. ನೀನು ತಿದ್ದು. "ಹಾರ್ವರ್ಡ್ ಅಲ್ಲ, ಹೋವರ್ಡ್. ವಾಷಿಂಗ್ಟನ್‌ನಲ್ಲಿದೆ. ಕಪ್ಪು ಜನ ಬೆಳೆಸಿದ ವಿಶ್ವವಿದ್ಯಾಲಯ" ಅಂತ ಪೂರ್ತಿ ಹೇಳು. ಇಲ್ಲೇ ಆ ಹೆಸರನ್ನು ನುಂಗಿಕೊಂಡರೆ, ಅಲ್ಲಿ ಐದು ವರ್ಷ ಹೇಗೆ ಇರುತ್ತೀಯ?

ಅದು ಶುರುವಾದದ್ದು 1867ರಲ್ಲಿ. ಅಮೆರಿಕದ ಅಂತರ್ಯುದ್ಧ ಮುಗಿದು ಆಗಿನ್ನೂ ಎರಡು ವರ್ಷ. ಅದಕ್ಕೆ ಮೊದಲು ದಕ್ಷಿಣದ ಎಷ್ಟೋ ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಆ ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಜನರಲ್ ಆಲಿವರ್ ಓಟಿಸ್ ಹೋವರ್ಡ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಬೇರೆ ಕಾಲೇಜುಗಳು ಕಪ್ಪು ಜನರಿಗೆ ಬಾಗಿಲು ಹಾಕಿದ್ದ ಕಾಲದಲ್ಲಿ ಹುಟ್ಟಿದ ಇಂಥ ವಿದ್ಯಾಲಯಗಳು ಈಗಲೂ ಸುಮಾರು ನೂರು ಇವೆ. ಅವಕ್ಕೆ ಎಚ್‌ಬಿಸಿಯು, ಅಂದರೆ 'ಹಿಸ್ಟಾರಿಕಲಿ ಬ್ಲ್ಯಾಕ್ ಕಾಲೇಜಸ್ ಅಂಡ್ ಯೂನಿವರ್ಸಿಟೀಸ್' ಅನ್ನುತ್ತಾರೆ. ಹೋವರ್ಡನ್ನು ಅಲ್ಲಿಯವರು ಪ್ರೀತಿಯಿಂದ ಕರೆಯುವುದು 'ಮೆಕ್ಕಾ' ಅಂತ.

ನಿನಗೆ ಗೊತ್ತಲ್ಲ, ನಾನು ವಾಷಿಂಗ್ಟನ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಹೋದ ಹೊಸದರಲ್ಲಿ ನಮ್ಮವರೇ ಒಬ್ಬರು ಮೊದಲು ಹೇಳಿಕೊಟ್ಟ ಪಾಠ ಏನು ಗೊತ್ತಾ? "ಜಾರ್ಜಿಯಾ ಅವೆನ್ಯೂ ಕಡೆ ಇಳಿಯಬೇಡ, ಅಲ್ಲಿ ಬರೀ ಅವರೇ ಇರೋದು." ನಾನು ಆ ಮಾತಿನಂತೆಯೇ ನಡೆದೆ. 70ನೇ ನಂಬರ್ ಬಸ್ಸು ದಿನಾ ಹೋವರ್ಡ್ ಮುಂದೆಯೇ ಹೋಗುತ್ತಿತ್ತು. ಗಡಿಯಾರದ ಗೋಪುರ ಕಾಣುತ್ತಿತ್ತು. ಆರು ವರ್ಷ ಒಂದು ದಿನವೂ ಇಳಿಯಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆ, ಮಗಳೇ.

ಇಳಿಸಿದ್ದು ಲ್ಯಾಬಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ. ಹೋವರ್ಡ್‌ನಲ್ಲಿ ಓದಿದವಳು. ಒಂದು ಅಕ್ಟೋಬರ್‌ನಲ್ಲಿ "ನಾಳೆ ನಮ್ಮ ಹೋಮ್‌ಕಮಿಂಗ್, ಬಾ" ಅಂದಳು. ಹಳೆಯ ವಿದ್ಯಾರ್ಥಿಗಳೆಲ್ಲ ಮತ್ತೆ ಬಂದು ಸೇರುವ ಹಬ್ಬ ಅದು. ಹೋದೆ.

ಸಾಗರದ ಮಾರಿಕಾಂಬಾ ಜಾತ್ರೆಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರಲ್ಲ, ಹಾಗಿತ್ತು. ಫೌಂಡರ್ಸ್ ಲೈಬ್ರರಿಯ ಮುಂದೆ ದೊಡ್ಡ ಹುಲ್ಲಿನ ಬಯಲು. ಅದಕ್ಕೆ 'ಯಾರ್ಡ್' ಅನ್ನುತ್ತಾರೆ. ಮೊಮ್ಮಕ್ಕಳನ್ನು ಕಂಡವರು, ನಿನ್ನೆ ಮೊನ್ನೆ ಸೇರಿದವರು ಎಲ್ಲ ಅಲ್ಲೇ. ಒಬ್ಬರು "ಎಚ್-ಯು!" ಅಂತ ಕೂಗಿದರೆ ನಾಲ್ಕೂ ಕಡೆಯಿಂದ "ಯು ನೋ!" ಅಂತ ಉತ್ತರ. ಗುರುತು ಪರಿಚಯ ಬೇಕಿಲ್ಲ. ಆಸ್ಪತ್ರೆಯಲ್ಲಿ ಗಟ್ಟಿಯಾಗಿ ನಕ್ಕದ್ದನ್ನೂ ನಾನು ಕಾಣದ ನನ್ನ ಗೆಳತಿ ಅಲ್ಲಿ ಗಂಟಲು ಬಿರಿಯುವಂತೆ ಕೂಗಿದಳು. ಬೇರೆ ಕಡೆ ಅವಳು ಎಷ್ಟು ಬಿಗಿಹಿಡಿದುಕೊಂಡು ಬದುಕುತ್ತಿದ್ದಳು ಅಂತ ನನಗೆ ಅವತ್ತೇ ಗೊತ್ತಾದದ್ದು.

ಯಾರ್ಡಿನಲ್ಲಿ ಒಂದೊಂದು ಬಳಗಕ್ಕೂ ಒಂದೊಂದು ಮರ. ಫ್ರಟರ್ನಿಟಿ ಅಂದರೆ ಹುಡುಗರ ಬಳಗ, ಸೊರೊರಿಟಿ ಅಂದರೆ ಹುಡುಗಿಯರದ್ದು. ಕಪ್ಪು ಜನರ ಇಂಥ ದೊಡ್ಡ ಬಳಗಗಳು ಒಂಬತ್ತು. ಅದರಲ್ಲಿ ಐದು ಹುಟ್ಟಿದ್ದು ಹೋವರ್ಡ್‌ನಲ್ಲೇ. ನನ್ನ ಗೆಳತಿಯದು ಆಲ್ಫಾ ಕಪ್ಪಾ ಆಲ್ಫಾ. 1908ರಲ್ಲಿ ಶುರುವಾದದ್ದು, ಗುಲಾಬಿ ಮತ್ತು ಹಸಿರು ಬಣ್ಣ. 1913ರ ಜನವರಿಯಲ್ಲಿ ಹುಟ್ಟಿದ ಡೆಲ್ಟಾ ಸಿಗ್ಮಾ ಥೀಟಾದ ಹುಡುಗಿಯರು ಮಾರ್ಚ್‌ನಲ್ಲೇ ಹೆಂಗಸರಿಗೆ ಓಟು ಬೇಕು ಅಂತ ವಾಷಿಂಗ್ಟನ್ ಬೀದಿಯಲ್ಲಿ ಮೆರವಣಿಗೆ ಹೋದರು. ಇವು ಓದು ಮುಗಿದ ಮೇಲೆ ಬಿಟ್ಟುಹೋಗುವ ಸಂಘ ಅಲ್ಲ. ಗೆಳತಿಯ ತಾಯಿ ತೀರಿಕೊಂಡಾಗ ಅಡುಗೆಯಿಂದ ಹಿಡಿದು ಎಲ್ಲಕ್ಕೂ ಓಡಾಡಿದವರು ಆ ಗುಲಾಬಿ ಹಸಿರಿನ ಅಕ್ಕತಂಗಿಯರೇ.

ಅವರು ಸಾಲಾಗಿ ನಿಂತು ಹೆಜ್ಜೆ, ಚಪ್ಪಾಳೆ, ಮೈತಟ್ಟುವುದರಲ್ಲೇ ತಾಳ ಹುಟ್ಟಿಸುತ್ತಾರೆ. ಸ್ಟೆಪ್ ಅನ್ನುತ್ತಾರೆ. ನೋಡುತ್ತಾ ನಿಂತರೆ ನಿನ್ನ ಕಾಲೂ ಸುಮ್ನೆ ಇರುವುದಿಲ್ಲ. ಆದರೂ ಆ ಸಾಲಿನ ನಡುವೆ ದಾಟಬೇಡ. ಅವರ ಕೂಗು, ಕೈಸನ್ನೆ, ಅಕ್ಷರ ಬರೆದ ಅಂಗಿ ಇವನ್ನು ತಮಾಷೆಗೂ ಅನುಕರಿಸಬೇಡ. ಅದನ್ನು ಅವರು ಸಂಪಾದಿಸಿಕೊಂಡಿರುತ್ತಾರೆ. ಮುಂದೆ ನಿನಗೇ ಸೇರುವ ಮನಸ್ಸಾದರೆ ಸರಿಯಾದ ದಾರಿಯಲ್ಲಿ ಕೇಳು. ಸೇರಿಸಿಕೊಳ್ಳಲು ಹೊಡೆತ, ಅವಮಾನ ಸಹಿಸು ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬಾ. ಅದು ನಮ್ಮಲ್ಲಿಯ ರ‍್ಯಾಗಿಂಗ್ ಇದ್ದ ಹಾಗೆ. ಎಲ್ಲ ಬಳಗಗಳೂ ನಿಷೇಧಿಸಿವೆ.

ಸಭೆಗಳಲ್ಲಿ ಕಪ್ಪು ಜನರ ರಾಷ್ಟ್ರಗೀತೆ ಅಂತ ಕರೆಯುವ ಹಾಡು ಬರುತ್ತದೆ. ಎಲ್ಲರ ಜೊತೆ ಎದ್ದು ನಿಲ್ಲು. ಮಾತುಗಳನ್ನು ಹೋಗುವ ಮೊದಲೇ ಕಲಿ.

ಇನ್ನೊಂದು ವಿಷಯ. "ನಮಗೂ ಅವರಿಗೂ ಏನು ಸಂಬಂಧ" ಅಂತ ನಿನ್ನ ಚಿಕ್ಕಪ್ಪ ಕೇಳಿದರಂತೆ. ಇದೆ, ನಮ್ಮ ಮನೆ ಬಾಗಿಲಿನಿಂದಲೇ ಇದೆ. ನಿನ್ನಜ್ಜ ಕಾಗೋಡಿನ ಗೇಣಿ ರೈತ. ಗೇಣಿ ಅಳೆಯುವ ಕೊಳಗದ ಜಗಳದಿಂದ 1951ರಲ್ಲಿ ಸತ್ಯಾಗ್ರಹ ಎದ್ದಾಗ ಇಪ್ಪತ್ತೆರಡರ ಹುಡುಗ. ಆ ಜೂನ್‌ನಲ್ಲಿ ಸಮಾಜವಾದಿ ನಾಯಕ ಲೋಹಿಯಾ ಬಂದರು, ಅರೆಸ್ಟ್ ಆದರು. ಅಪ್ಪ ಸಾಯುವವರೆಗೂ ಅದನ್ನು ಹೇಳುತ್ತಿದ್ದರು. ಅದೇ ಲೋಹಿಯಾ 1964ರಲ್ಲಿ ಅಮೆರಿಕದ ಮಿಸಿಸಿಪ್ಪಿಗೆ, ಟೂಗಲೂ ಅನ್ನುವ ಕಪ್ಪು ಜನರ ಕಾಲೇಜಿಗೆ ಹೋಗಿದ್ದರು. ಹತ್ತಿರದ ಜಾಕ್ಸನ್ ಪಟ್ಟಣದಲ್ಲಿ ಬಿಳಿಯರಿಗೆ ಮಾತ್ರ ಊಟ ಕೊಡುವ ಒಂದು ಹೋಟೆಲಿಗೆ ಹೋಗಿ, ಹೊರಡಲು ಒಪ್ಪದೆ ಅಲ್ಲೂ ಅರೆಸ್ಟ್ ಆದರು. ಕಾಗೋಡಿನಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡಿದರು, ಅಲ್ವಾ?

ಹೋವರ್ಡ್‌ನ ಕಡೆಯಿಂದಲೂ ದಾರಿ ಇತ್ತು. ಅಲ್ಲಿ ಕಲಿಸುತ್ತಿದ್ದ ಹೋವರ್ಡ್ ಥರ್ಮನ್ 1936ರಲ್ಲಿ ಹೆಂಡತಿಯ ಜೊತೆ ಬಾರ್ಡೋಲಿಗೆ ಹೋಗಿ ಗಾಂಧೀಜಿಯನ್ನು ಕಂಡರು. ಹೋವರ್ಡ್‌ನ ಮೊದಲ ಕಪ್ಪು ಅಧ್ಯಕ್ಷ ಮಾರ್ಡಿಕೈ ಜಾನ್ಸನ್ ಭಾರತ ಸುತ್ತಿ ಬಂದು 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಗಾಂಧೀಜಿಯ ಬಗ್ಗೆ ಮಾತಾಡಿದರು. ಕೇಳಲು ಬಂದವರಲ್ಲಿ ಒಬ್ಬ ಓದುವ ಹುಡುಗ ಇದ್ದ. ಹೊರಗೆ ಬಂದವನೇ ಗಾಂಧೀಜಿಯ ಬಗ್ಗೆ ಅರ್ಧ ಡಜನ್ ಪುಸ್ತಕ ಕೊಂಡ. ಅವನು ಮಾರ್ಟಿನ್ ಲೂಥರ್ ಕಿಂಗ್.

ಆದರೆ ಈ ಕತೆಯನ್ನು ಅಲ್ಲಿ ಜಂಬಕ್ಕೆ ಹೇಳಬೇಡ. "ನಮ್ಮ ಗಾಂಧಿಯಿಂದಲೇ ನೀವು ಕಲಿತದ್ದು" ಅಂತ ನಮ್ಮವರು ಹೇಳುವುದನ್ನು ಕೇಳಿದ್ದೇನೆ. ತಪ್ಪು. ಹೊಡೆತ ತಿಂದವರು ಅವರು, ಜೈಲಿಗೆ ಹೋದವರು ಅವರು. ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆ ಮಾಡಬಾರದು ಅಂತ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ 1954ರಲ್ಲಿ ಗೆದ್ದ ಥರ್ಗುಡ್ ಮಾರ್ಷಲ್ ಹೋವರ್ಡ್‌ನಲ್ಲಿ ಲಾ ಓದಿದವರು. ನೀನು ಹೋಗುತ್ತಿರುವುದು ಅಂಥವರ ಮನೆಗೆ.

ಈಗ ನಮ್ಮ ಮನೆಯ ಮಾತು. ನಿನ್ನಮ್ಮನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು "ಹುಡುಗಿ ಬಣ್ಣ ಸ್ವಲ್ಪ ಕಮ್ಮಿ" ಅಂತ ಹೇಳಿ ಕಳಿಸಿದರು. ಅವಳು ಎರಡು ದಿನ ಊಟ ಮಾಡಲಿಲ್ಲ. ನಾನು ಸಮಾಧಾನ ಮಾಡಲಿಲ್ಲ, ಅರಿಶಿನ ಕಡಲೆಹಿಟ್ಟು ಕಲಸಿ ಹಚ್ಚಿದೆ. ಅಂಥ ಮನೆಯಲ್ಲಿ ಬೆಳೆದು ನಾನು ಆ ಬಸ್ಸಿನಿಂದ ಇಳಿಯದೇ ಇದ್ದದ್ದರಲ್ಲಿ ಏನು ಆಶ್ಚರ್ಯ? ನೀನು ಇದನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಬೇಡ. ನಿನ್ನ ಲ್ಯಾಬಿನಲ್ಲಿ ನಮ್ಮ ದೇಶದ ಹುಡುಗರೂ ಇರಬಹುದು. ಪಕ್ಕದಲ್ಲಿ ಕೂತವರಿಗೆ ಅರ್ಥವಾಗುವುದಿಲ್ಲ ಅಂತ ನಮ್ಮ ಭಾಷೆಯಲ್ಲಿ ಅವರ ಬಣ್ಣದ ಬಗ್ಗೆ ಮಾತಾಡಿದರೆ ನೀನು ನಗಬೇಡ. ನಿಲ್ಲಿಸು ಅನ್ನು. ಯಾರ ಕೂದಲನ್ನೂ "ಎಷ್ಟು ಚೆಂದ" ಅಂತ ಮುಟ್ಟಲು ಹೋಗಬೇಡ. ನಾನು ಒಮ್ಮೆ ಮುಟ್ಟಿದೆ. ಗೆಳತಿ ನನ್ನ ಕೈಯನ್ನು ಮೆಲ್ಲಗೆ ತೆಗೆದಳು, ಏನೂ ಅನ್ನಲಿಲ್ಲ.

ಅವಳಿಗೆ ಈಗ ಎಪ್ಪತ್ತೈದು. ನೀನು ಬರುವ ವಿಷಯ ತಿಳಿಸಿದ್ದೇನೆ. ಮೊದಲ ಶನಿವಾರ ಬೆಳಿಗ್ಗೆ ಹತ್ತಕ್ಕೆ ಆ ಗಡಿಯಾರದ ಗೋಪುರದ ಕೆಳಗೆ ಕಾಯುತ್ತಾಳೆ. ತಡ ಮಾಡಬೇಡ, ಅವಳಿಗೆ ಆಗುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಅವಳಿಗೆ ಪ್ರಾಣ. ಎರಡು ಬಾಟಲಿ ಹಾಕಿಟ್ಟಿದ್ದೇನೆ, ಬಾಯಿಗೆ ಗಟ್ಟಿಯಾಗಿ ಟೇಪ್ ಸುತ್ತಿ, ಚೆಕ್‌-ಇನ್ ಬ್ಯಾಗಿನಲ್ಲೇ ಇಡು. ಒಂದು ಅವಳಿಗೆ, ಒಂದು ನಿನಗೆ.

ನಿನ್ನ ಪ್ರೀತಿಯ
ದೊಡ್ಡಮ್ಮ